ಸನ್ನೆ ಭಾಷೆ ಬಾರದ ಕಿವುಡರು ಕಚೇರಿಯಲ್ಲಿ "ಬರೆದು ಹೇಳಿ" ಅಂದರೆ ತಪ್ಪಾ?

ಬದಿಯಡ್ಕ ಟೀಚರ್ · ಸೋಮವಾರ ರಾತ್ರಿ 8.40

ನನಗೀಗ 47. ಎರಡೂ ಕಿವಿ ಹೋದದ್ದು 39ರಲ್ಲಿ. ಅದಕ್ಕೆ ಮೊದಲು 14 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಿದವಳು. ಹಾಗಾಗಿ ಮಾತು ಸರಾಗವಾಗಿ ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ಇಷ್ಟು ಚೆನ್ನಾಗಿ ಮಾತಾಡುವವಳಿಗೆ ಕೇಳದೇ ಇರುತ್ತದಾ ಅಂತ ಜನ ತಿಳಿಯುತ್ತಾರೆ.

ಕಳೆದ ವಾರ ಜಾಗದ ತೀರ್ವೆ (ಭೂ ಕಂದಾಯ) ವಿಷಯಕ್ಕೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಒಂದು ಕಚೇರಿಗೆ ಹೋಗಿದ್ದೆ. ಸೀಟಿನಲ್ಲಿದ್ದವರು ಕಂಪ್ಯೂಟರ್ ನೋಡಿಕೊಂಡೇ ಮಾತಾಡಿದರು. ತುಟಿ ಕಾಣಲಿಲ್ಲ. "ನನಗೆ ಕಿವಿ ಕೇಳುವುದಿಲ್ಲ ಸಾರ್, ಬರೆದು ಹೇಳಿ" ಅಂತ ನೋಟ್‌ಬುಕ್ಕು, ಪೆನ್ನು ಮುಂದಿಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ. ಪಕ್ಕದಲ್ಲಿದ್ದ ನನ್ನ ಮಗಳ ಕಡೆ ತಿರುಗಿದರು. ಅವಳು 8ನೇ ಕ್ಲಾಸು. ಐದು ನಿಮಿಷ ಅವಳ ಹತ್ತಿರವೇ ಮಾತು. ಹೊರಗೆ ಬಂದು "ಏನೋ ಸರ್ವೆ ನಂಬರ್ ಸರಿ ಇಲ್ಲವಂತೆ ಅಮ್ಮ" ಅಂದಳು. ಯಾವ ನಂಬರು, ಏನು ಸರಿ ಇಲ್ಲ ಅಂತ ಆ ಮಗುವಿಗೆ ಹೇಗೆ ತಿಳಿಯಬೇಕು?

ಪುನಃ ಒಳಗೆ ಹೋದೆ. ಬಹಳ ಹೇಳಿದ ಮೇಲೆ ನಾಲ್ಕು ಸಾಲು ಬರೆದುಕೊಟ್ಟರು. ಮಲಯಾಳದಲ್ಲಿ! ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಪ್ರಾಯದ ಬಹಳ ಜನ ಹಾಗೆಯೇ ಅಲ್ವಾ? ಪೇಟೆಯಲ್ಲಿ, ಬಸ್ಸಿನಲ್ಲಿ ಕೇಳಿ ಕೇಳಿ ಕಲಿತ ಭಾಷೆ ಅದು. ಕಿವಿ ಹೋದ ದಿನ ನನ್ನ ಮಟ್ಟಿಗೆ ಇಡೀ ಮಲಯಾಳವೇ ಹೋಯಿತು.

ಇನ್ನೊಬ್ಬರು ಎದ್ದು ಬಂದು, ಮುಂದಿನ ಸಲ ಸನ್ನೆ ಭಾಷೆಯವರನ್ನು ಕರೆಸೋಣ ಅಂದರಂತೆ. ಅದನ್ನೂ ಮಗಳೇ ಹೇಳಿದ್ದು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ನನಗೆ ಸನ್ನೆ ಭಾಷೆ ಬರುವುದಿಲ್ಲ.

ನನ್ನ ಹಾಗೆ ಇರುವವರು, ಅವರ ಮನೆಯವರು ಇಲ್ಲಿ ಇದ್ದರೆ ಹೇಳಿ. ನೀವೆಲ್ಲ ಹೇಗೆ ಸುಧಾರಿಸುತ್ತೀರಿ?

ಕುಂಬಳೆ ರೈಲು · 8.52

ಓದಿ ಬೇಸರವಾಯಿತು ಟೀಚರ್. ಶ್ರವಣ ಯಂತ್ರ ಹಾಕಿಕೊಂಡರೆ ಆಗುವುದಿಲ್ವಾ? ಈಗ ಬಹಳ ಸಣ್ಣದು, ಕಾಣುವುದೂ ಇಲ್ಲ.

ಬದಿಯಡ್ಕ ಟೀಚರ್ · 8.58

ಹಾಕಿದ್ದೇನೆ. ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು ಗೊತ್ತಾಗುತ್ತದೆ. ಮಾತು ಮಾತ್ರ ಗೊಳಗೊಳ ಅನ್ನುತ್ತದೆ.

ಅಮ್ಮನ ಮಗಳು · 9.05

ನಮ್ಮಮ್ಮನದೂ ಇದೇ ಮಾತು! "ಶಬ್ದ ಕೇಳುತ್ತದೆ ಮಗಾ, ಮಾತು ತಿಳಿಯುವುದಿಲ್ಲ." ನಾವು ಮನೆಯವರು ಇದನ್ನು ಅರ್ಥ ಮಾಡಿಕೊಳ್ಳದೆ ಎರಡು ವರ್ಷ ಸುಮ್ನೆ ಅವರ ಮೇಲೆ ರೇಗಿದೆವು. "ನಿಮಗೆ ಬೇಕಾದ್ದು ಮಾತ್ರ ಕೇಳುತ್ತದೆ" ಅಂತ ನಾನೇ ಹೇಳಿದ್ದೇನೆ. ಈಗ ನೆನೆದರೆ ಹೊಟ್ಟೆ ಕಿವುಚುತ್ತದೆ.

ಕಿವಿಯ ಕೆಲಸ · 9.31

ನಾನು ಮಂಗಳೂರಿನಲ್ಲಿ ಶ್ರವಣ ಪರೀಕ್ಷೆ ಮಾಡುವವಳು. ಊರು ಮಂಜೇಶ್ವರ. ಇದು ಯಾಕೆ ಹೀಗೆ ಅಂತ ಹೇಳುತ್ತೇನೆ.

ಒಳಕಿವಿಯಲ್ಲಿ ಶಂಖದ ಹಾಗೆ ಸುತ್ತಿಕೊಂಡ ಒಂದು ಭಾಗ ಉಂಟು. ಅದರಲ್ಲಿ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿವೆ. ಒಮ್ಮೆ ಸತ್ತರೆ ಅವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆಚ್ಚಿನವರಲ್ಲಿ ಮೊದಲು ಹೋಗುವುದು ತೀಕ್ಷ್ಣ ಸ್ವರ ಹಿಡಿಯುವ ಕೋಶಗಳು. ಸ, ಶ, ಚ, ತ ಇಂಥ ಅಕ್ಷರಗಳು ಅಲ್ಲಿಯೇ ಇರುವುದು. ಆ, ಓ, ಊ ಉಳಿಯುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನು ಅಂದದ್ದು ಗೊತ್ತಾಗುವುದಿಲ್ಲ. ಯಂತ್ರ ಶಬ್ದವನ್ನು ದೊಡ್ಡದು ಮಾಡೀತು. ಇಲ್ಲದ ಅಕ್ಷರವನ್ನು ಅದು ತಂದುಕೊಡಲಾರದು.

ಹಾಗೆಯೇ ದಯವಿಟ್ಟು ಕಿರುಚಬೇಡಿ. ಕಿರುಚಿದರೆ ಬಾಯಿಯ ಆಕಾರ ಕೆಡುತ್ತದೆ. ಇಂಥ ಕಿವಿಗೆ ದೊಡ್ಡ ಶಬ್ದ ನೋವನ್ನೂ ಕೊಡುತ್ತದೆ.

ಇನ್ನೊಂದು ಮಾತು, ಎಲ್ಲರಿಗೂ. ಒಂದು ದಿನ ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮುಚ್ಚಿದಂತಾದರೆ "ಶೀತ ಇರಬೇಕು" ಅಂತ ಎಣ್ಣೆ ಬಿಟ್ಟು ಕೂರಬೇಡಿ. ಅದು ತುರ್ತು. ಅದೇ ದಿನ, ಹೆಚ್ಚೆಂದರೆ ಎರಡು ಮೂರು ದಿನದೊಳಗೆ ಕಿವಿ ಡಾಕ್ಟರರಲ್ಲಿಗೆ ಹೋಗಿ. ಬೇಗ ಔಷಧ ಸುರು ಮಾಡಿದರೆ ಕೇಳಿಸುವ ಶಕ್ತಿ ವಾಪಸು ಬರುವ ಸಾಧ್ಯತೆ ಉಂಟು. ತಿಂಗಳು ಕಳೆದು ಬಂದರೆ ಮಾಡಲು ಬಹಳ ಕಡಿಮೆ ಉಳಿದಿರುತ್ತದೆ.

ನೀರ್ಚಾಲಿನವ · 9.40

ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿಯಬಹುದಲ್ಲ ಟೀಚರ್? ಕೆಲವರು ಪಟಪಟ ಉತ್ತರ ಕೊಡುವುದನ್ನು ನೋಡಿದ್ದೇನೆ.

ಬದಿಯಡ್ಕ ಟೀಚರ್ · 9.55

ಅಣ್ಣಾ, ಈಗಲೇ ಕನ್ನಡಿ ಮುಂದೆ ನಿಂತು ಒಂದು ಕೆಲಸ ಮಾಡಿ. ದನಿ ಬಿಡದೆ "ಅಪ್ಪ" ಅನ್ನಿ. ಆಮೇಲೆ "ಅಮ್ಮ" ಅನ್ನಿ. ವ್ಯತ್ಯಾಸ ಕಾಣುತ್ತದಾ?

ನೀರ್ಚಾಲಿನವ · 10.02

ಅಯ್ಯೋ. ಎರಡೂ ಒಂದೇ.

ಬದಿಯಡ್ಕ ಟೀಚರ್ · 10.14

ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಅಪ್ಪ, ಅಬ್ಬ, ಅಮ್ಮ ಒಂದೇ. ಬೆಲ್ಲ, ಮೆಲ್ಲ ಒಂದೇ. ಕ, ಗ ಹುಟ್ಟುವುದು ಬಾಯಿಯ ಹಿಂದೆ, ಕಾಣುವುದೇ ಇಲ್ಲ. ಟ, ಡ, ಣ ಹೇಳುವಾಗ ನಾಲಿಗೆ ಒಳಗೆ ಮಡಚುತ್ತದೆ, ಅದೂ ಕಾಣುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಅಂಗಳದಿಂದ ಯಜಮಾನರು "ಭಾವ ಬಂದ" ಅಂದರು. ನಾನು "ಮಾವ" ಅಂತ ಓದಿದೆ. ಮಾವ ತೀರಿಹೋಗಿ ಆಗ ಮೂರು ತಿಂಗಳು. ಕೈಯಲ್ಲಿದ್ದ ಚಾದ ಲೋಟ ಬಿದ್ದೇ ಹೋಯಿತು.

ಅರ್ಧ ಕಂಡದ್ದು, ಅರ್ಧ ಊಹಿಸಿದ್ದು. ಮನೆಯಲ್ಲಿ ಊಟ, ತಿಂಡಿ, ತೋಟದ ಮಾತಾದರೆ ಊಹೆ ನಡೆಯುತ್ತದೆ. ಕಚೇರಿಯಲ್ಲಿ ಸರ್ವೆ ನಂಬರನ್ನು ಊಹಿಸಲು ಆಗುತ್ತದಾ? ಅರ್ಧ ಗಂಟೆ ತುಟಿ ನೋಡಿದರೆ ನನಗೆ ತಲೆನೋವು ಸುರುವಾಗುತ್ತದೆ.

ಉಪ್ಪಳ ಪೇಟೆ · 10.20

2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗ ಏನು ಮಾಡಿದಿರಿ? ತಲಪಾಡಿ ಗಡಿ ಮುಚ್ಚಿದಾಗ ನಮ್ಮ ದೊಡ್ಡಪ್ಪ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕಿತ್ತು. ಅವರಿಗೂ ಕೇಳುವುದಿಲ್ಲ. ಯಾರ ಬಾಯಿಯೂ ಕಾಣುವುದಿಲ್ಲ. ಅವರು ಕಾರ್ಡು ತೋರಿಸುತ್ತಾ ನಿಂತೇ ಇದ್ದರು. "ಸುತ್ತ ಎಲ್ಲರೂ ನನ್ನ ಹತ್ತಿರ ಸಿಟ್ಟಿನಲ್ಲಿದ್ದಾರೆ ಅಂತ ಕಂಡಿತು" ಅಂತ ಆಮೇಲೆ ಹೇಳಿದರು. ಆ ಮಾತು ನನಗೆ ಮರೆಯುವುದಿಲ್ಲ.

ಬದಿಯಡ್ಕ ಟೀಚರ್ · 10.26

ಆ ಎರಡು ವರ್ಷ ನಾನು ಮನೆ ಬಿಟ್ಟು ಹೊರಗೆ ಹೋದದ್ದೇ ಕಡಿಮೆ.

ಸೀಟಿನ ಆಚೆ · ಮಂಗಳವಾರ ಬೆಳಿಗ್ಗೆ 7.15

ನಾನು ಸರ್ಕಾರಿ ಕಚೇರಿಯಲ್ಲಿ ಕ್ಲರ್ಕ್. ಕನ್ನಡದವನೇ. ಬೈಯಬೇಡಿ, ನಮ್ಮ ಕಡೆಯದ್ದೂ ಹೇಳುತ್ತೇನೆ. ಕೆಲವು ದಿನ ಮಧ್ಯಾಹ್ನದೊಳಗೆ 60 ಜನ ಬರುತ್ತಾರೆ. ಒಬ್ಬರಿಗೆ ಬರೆಯುತ್ತಾ ಕೂತರೆ ಹಿಂದಿನವರು ಗಲಾಟೆ ಮಾಡುತ್ತಾರೆ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಸಹೋದ್ಯೋಗಿಗಳಿಗೆ ಕನ್ನಡ ಒಂದಕ್ಷರ ಬಾರದು. ಅವರು ತಾನೆ ಏನು ಮಾಡಬೇಕು?

ಅಡಿಕೆ ಹಾಳೆ · 7.33

ಕನ್ನಡ ಬಾರದವರನ್ನು ಕನ್ನಡದ ಊರಿಗೆ ಹಾಕಿದ್ದು ಟೀಚರ ತಪ್ಪಾ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇದೇ ಕಥೆ.

ಕುಂಬಳೆ ರೈಲು · 7.41

ಬೇಡ ಮಾರಾಯ್ರೆ, ಇದನ್ನು ಗಡಿ ಜಗಳ ಮಾಡಬೇಡಿ. ವಿಷಯ ಕಿವಿಯದ್ದು.

ಬದಿಯಡ್ಕ ಟೀಚರ್ · 8.20

ಇಲ್ಲ, ಇಲ್ಲಿ ಎರಡೂ ಒಂದೇ ವಿಷಯ. ಕೇಳುವವರಿಗೆ ಮಲಯಾಳ ಓದಲು ಬಾರದಿದ್ದರೂ ಹೇಗೋ ನಡೆಯುತ್ತದೆ, ಕೇಳಿ ತಿಳಿಯುತ್ತಾರೆ. ನನಗೆ ಉಳಿದಿರುವುದು ಓದು ಒಂದೇ. ಆ ಓದು ಇರುವುದು ಕನ್ನಡದಲ್ಲಿ. ಗಾಲಿ ಕುರ್ಚಿಯವರಿಗೆ ಮೆಟ್ಟಲಿನ ಬದಿಯಲ್ಲಿ ಇಳಿಜಾರು ಕಟ್ಟುತ್ತಾರಲ್ಲ, ನನಗೆ ಬರೆದ ಕನ್ನಡವೇ ಆ ಇಳಿಜಾರು.

ಪೆರ್ಲದ ವಕೀಲ · 9.02

ಟೀಚರ್ ಕೇಳಿದ್ದು ಉಪಕಾರ ಅಲ್ಲ, ಹಕ್ಕು. ಎರಡು ಕಾನೂನು ನೆನಪಿಡಿ.

ಒಂದು, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ 3ನೇ ಕಲಂ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಕನ್ನಡಿಗರು ಸರ್ಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದು. ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಬದಿಯಡ್ಕ ಅದರೊಳಗೆ ಬರುತ್ತದೆ.

ಎರಡು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರಲ್ಲಿ "ಸಂವಹನ" ಅನ್ನುವ ಪದಕ್ಕೆ ಕೊಟ್ಟ ಅರ್ಥವನ್ನು ಓದಿ. ಸನ್ನೆ ಭಾಷೆ, ಬ್ರೈಲ್ ಮಾತ್ರ ಅಲ್ಲ. ಅಕ್ಷರದಲ್ಲಿ ತೋರಿಸುವುದು, ಬರವಣಿಗೆ, ಸರಳ ಭಾಷೆ ಕೂಡ ಅದರಲ್ಲಿದೆ. ಆ ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಸನ್ನೆ ಬರುತ್ತದಾ ಇಲ್ಲವಾ ಅಂತ ಕಾಯ್ದೆ ಕೇಳುವುದೇ ಇಲ್ಲ.

ಬಾಯಲ್ಲಿ ವಾದ ಮಾಡಬೇಡಿ ಟೀಚರ್. ಒಂದು ಅರ್ಜಿ ಬರೆದುಕೊಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ಕೊಡಬೇಕು, ಉತ್ತರ ಬರೆಯಲೇ ಬೇಕು.

ಸೀಟಿನ ಆಚೆ · 9.30

ವಕೀಲರು ಹೇಳಿದ್ದು ಒಪ್ಪುತ್ತೇನೆ. ನಿಜ ಹೇಳಬೇಕೆಂದರೆ 3ನೇ ಕಲಂ ಗೊತ್ತಿತ್ತು, ಕಿವಿಯ ವಿಷಯಕ್ಕೂ ಅದು ಬೇಕಾಗುತ್ತದೆ ಅಂತ ಹೊಳೆದಿರಲಿಲ್ಲ.

ಮುಳ್ಳೇರಿಯ ಮಳೆ · 10.10

ಇಷ್ಟೆಲ್ಲ ಯಾಕೆ? ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿಕೊಳ್ಳಿ. 2019ರಲ್ಲಿಯೇ ಬಂದಿದೆ, ದುಡ್ಡಿಲ್ಲ. ಎದುರಿನವರು ಮಾತಾಡಿದ್ದು ಅಕ್ಷರವಾಗಿ ಬರುತ್ತದೆ. ಕನ್ನಡ ಉಂಟು, ಮಲಯಾಳವೂ ಉಂಟು.

ಬದಿಯಡ್ಕ ಟೀಚರ್ · 10.25

ಅದು ನನ್ನ ಜೀವ ಉಳಿಸಿದ ಆ್ಯಪ್. ಆದರೆ ಅವರು ಮಲಯಾಳ ಮಾತಾಡಿದರೆ ಅಕ್ಷರವೂ ಮಲಯಾಳದಲ್ಲಿ ಬರುತ್ತದೆ. ನಾನು ಓದುವುದು ಹೇಗೆ?

ಮನೆಯಲ್ಲಿ ಬೇರೆ ಕಷ್ಟ. ನಾವು ಮಾತಾಡುವುದು ಹವ್ಯಕ ಕನ್ನಡ. ಅತ್ತೆ "ಎನಗೆ ಒಂದರಿ ಪೇಟೆಗೆ ಹೋಯೆಕ್ಕು" ಅಂದರೆ ಅದು ಏನೇನೋ ಬರೆಯುತ್ತದೆ. ಈಗ ಅತ್ತೆ, 78 ವರ್ಷದವರು, ಫೋನ್ ಎದುರು ಕೂತರೆ ಶಾಲೆಯ ಪುಸ್ತಕದ ಹಾಗೆ "ನನಗೆ ಪೇಟೆಗೆ ಹೋಗಬೇಕು" ಅಂತ ಬಿಡಿಸಿ ಬಿಡಿಸಿ ಹೇಳುತ್ತಾರೆ. ನನಗೋಸ್ಕರ ಆ ಪ್ರಾಯದಲ್ಲಿ ಮಾತೇ ಬದಲಾಯಿಸಿದರು.

ಮುಳ್ಳೇರಿಯ ಮಳೆ · 10.40

ಹಾಗಾದರೆ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಸಂಭಾಷಣೆ ಅಂತ ಒಂದು ಗುಂಡಿ ಉಂಟು. ಅವರು ಮಲಯಾಳದಲ್ಲಿ ಹೇಳಿದರೆ ನಿಮಗೆ ಕನ್ನಡದಲ್ಲಿ ತೋರಿಸುತ್ತದೆ. ಹೆಸರು, ನಂಬರುಗಳಲ್ಲಿ ತಪ್ಪುತ್ತದೆ. ನಂಬರನ್ನು ಮಾತ್ರ ಕಾಗದದಲ್ಲಿ ಬರೆಸಿ. ಬರೆದುಕೊಟ್ಟ ಮಲಯಾಳ ಚೀಟಿಗೂ ಅದರಲ್ಲಿ ಕ್ಯಾಮೆರಾ ಹಿಡಿಯಬಹುದು. ಕೈಬರಹ ಚೆಂದ ಇರಬೇಕು ಅಷ್ಟೆ. ನೆಟ್ ಇಲ್ಲದ ಕಡೆ ಇದ್ಯಾವುದನ್ನೂ ನಂಬಬೇಡಿ.

ಕೈಮಾತು · ಮಧ್ಯಾಹ್ನ 12.50

ನಾನು ಹುಟ್ಟು ಕಿವುಡ. ಸನ್ನೆ ಭಾಷೆ ನನ್ನ ಭಾಷೆ. ಕಿವುಡರ ಶಾಲೆಯಲ್ಲಿ ಕಲಿತೆ.

ಕೆಲವರು ಸನ್ನೆ ಭಾಷೆ ಅಂದರೆ ಕನ್ನಡವನ್ನು ಕೈಯಲ್ಲಿ ತೋರಿಸುವುದು ಅಂತ ತಿಳಿದಿದ್ದಾರೆ. ಅಲ್ಲ. ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣ ಉಂಟು. ನನಗೆ ಬರೆದ ಕನ್ನಡ ಎರಡನೇ ಭಾಷೆ, ಕಷ್ಟಪಟ್ಟು ಕಲಿತದ್ದು. ನನ್ನ ಗೆಳೆಯರಲ್ಲಿ ಹಲವರಿಗೆ ಕಚೇರಿಯ ಕಾಗದ ಓದಿದರೆ ಅರ್ಥ ಆಗುವುದಿಲ್ಲ. ಅವರಿಗೆ ಬರೆದುಕೊಟ್ಟು ಕಳಿಸಿದರೆ ಅದೂ ಅನ್ಯಾಯವೇ. ಟೀಚರಿಗೆ ಸನ್ನೆಯವರನ್ನು ಕರೆಸಿದ ಹಾಗೆಯೇ.

ಟೀಚರ್, ಒಂದು ಬೇಡಿಕೆ. ಅರ್ಜಿಯಲ್ಲಿ "ಸನ್ನೆ ಭಾಷೆ ಬೇಡ" ಅಂತ ಬರೆಯಬೇಡಿ. "ನನಗೆ ಬರವಣಿಗೆ ಬೇಕು" ಅಂತ ಬರೆಯಿರಿ. ನಿಮ್ಮ ಅರ್ಜಿ ನೋಡಿ ನಾಳೆ ಯಾರಾದರೂ ನಮಗೆ ಬೇಕಾದ್ದನ್ನು ತೆಗೆದುಬಿಡಬಾರದು.

ಬದಿಯಡ್ಕ ಟೀಚರ್ · 1.05

ಖಂಡಿತ. ಬರೆದ ಕರಡಿನಲ್ಲಿ ಹಾಗೆಯೇ ಇತ್ತು, ಈಗಲೇ ಅಳಿಸಿದೆ. ಹೇಳಿದ್ದು ಒಳ್ಳೆಯದಾಯಿತು ತಮ್ಮಾ.

ಅಡಿಕೆ ಹಾಳೆ · 1.30

ಹಾಗಾದರೂ ಟೀಚರ್ ಸನ್ನೆ ಭಾಷೆ ಕಲಿಯುವುದು ಒಳ್ಳೆಯದಲ್ವಾ? ಬ್ಯಾಟರಿ ಬೇಡ, ನೆಟ್ ಬೇಡ.

ಅಮ್ಮನ ಮಗಳು · 1.44

ಯಾರ ಹತ್ತಿರ ಮಾತಾಡಲು? ಅಮ್ಮ 65ರಲ್ಲಿ ಕಲಿತರೂ ನಾವು, ಅಕ್ಕಪಕ್ಕದವರು, ಅಂಗಡಿಯವರು ಎಲ್ಲರೂ ಕಲಿಯಬೇಕು. ಬೇಡ ಅನ್ನುವುದಿಲ್ಲ, ಮನೆಯೊಳಗೆ ಊಟ, ನೀರು, ಮಾತ್ರೆ ಅಂತ ಹತ್ತಿಪ್ಪತ್ತು ಸನ್ನೆ ನಾವೇ ಮಾಡಿಕೊಂಡಿದ್ದೇವೆ. ಆದರೆ ಅದು ಭಾಷೆ ಅಲ್ಲ.

ತಾಳಮದ್ದಳೆ ಹುಚ್ಚು · 4.15

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಹೇಳದೆ ಇರಲಾರೆ. ನಮ್ಮ ಸೋದರಮಾವನಿಗೆ 72. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು, ಯಕ್ಷಗಾನ ಅಂದರೆ ಜೀವ. ಐದು ವರ್ಷದಿಂದ ಕಿವಿ ಕೇಳುವುದಿಲ್ಲ. ಬಯಲಾಟಕ್ಕೆ ಈಗಲೂ ಹೋಗುತ್ತಾರೆ. ವೇಷ ನೋಡುತ್ತಾರೆ, ಕುಣಿತ ನೋಡುತ್ತಾರೆ, ಚೆಂಡೆಯ ಪೆಟ್ಟು ಎದೆಗೆ ಬಡಿಯುತ್ತದೆ ಅನ್ನುತ್ತಾರೆ. ತಾಳಮದ್ದಳೆಗೆ ಬರುವುದು ನಿಲ್ಲಿಸಿದರು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತು ಅರ್ಥ ಹೇಳುವುದು. ಮಾತೇ ಎಲ್ಲ.

ಪದ್ಯಗಳದ್ದು ಪ್ರಸಂಗ ಪುಸ್ತಕ ಇರುತ್ತದೆ, ಅದನ್ನು ಕೈಗೆ ಕೊಟ್ಟೆ. ಪದ್ಯ ಯಾವುದು ಅಂತ ತಿಳಿಯುತ್ತದೆ. ಆದರೆ ಅರ್ಥದ ಮಾತು ಆಗಿಂದಾಗಲೇ ಹುಟ್ಟುವಂಥದ್ದು, ಎಲ್ಲಿಯೂ ಬರೆದಿರುವುದಿಲ್ಲ. ಕರ್ಣ ಏನೋ ಅಂದ, ಸಭೆ ಇಡೀ ನಕ್ಕಿತು, ಮಾವ ನನ್ನ ಮುಖ ನೋಡಿದರು. "ಆಮೇಲೆ ಹೇಳುತ್ತೇನೆ" ಅಂದೆ. ಆಮೇಲೆ ಹೇಳಲಿಲ್ಲ.

ಬದಿಯಡ್ಕ ಟೀಚರ್ · 4.28

"ಆಮೇಲೆ ಹೇಳುತ್ತೇನೆ." ನಮಗೆ ಅತಿ ಜಾಸ್ತಿ ನೋವು ಕೊಡುವ ಎರಡು ಪದ ಇವೇ. ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಎಲ್ಲರೂ ನಗುತ್ತಾರೆ, ಏನಾಯಿತು ಅಂದರೆ ಆಮೇಲೆ. ಎಂಟು ವರ್ಷದ "ಆಮೇಲೆ" ನನ್ನ ಹತ್ತಿರ ಬಾಕಿ ಉಂಟು. ನಿಮ್ಮ ಮಾವನನ್ನು ಮುಂದಿನ ಕೂಟಕ್ಕೆ ಕರೆದುಕೊಂಡು ಹೋಗಿ. ಮೈಕಿನ ಧ್ವನಿಪೆಟ್ಟಿಗೆಯ ಹತ್ತಿರ ಫೋನ್ ಇಟ್ಟು ನೋಡಿ. ಹತ್ತರಲ್ಲಿ ಆರು ಮಾತು ಬಂದರೂ ಪ್ರಸಂಗ ಗೊತ್ತಿರುವವರು ಉಳಿದದ್ದನ್ನು ತುಂಬಿಕೊಳ್ಳುತ್ತಾರೆ.

ಕಿವಿಯ ಕೆಲಸ · 8.05

ಚೆಂಡೆಯ ಮಾತು ಬಂತು, ಹೇಳುತ್ತೇನೆ. ಚೆಂಡೆ ಬಾರಿಸುವವರು, ಹುಲ್ಲು ಕತ್ತರಿಸುವ ಮಿಷನ್ ಹಿಡಿಯುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳಿ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಒಂದು ಲೆಕ್ಕ. ಅದರ ಮೇಲೆ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಆದರೆ ಕಾಲು ಗಂಟೆ ಅಷ್ಟೆ. ಕುಂಬಳೆ ದೇವಸ್ಥಾನದ ಬೆಡಿಗೆ (ಸಿಡಿಮದ್ದಿಗೆ) ಪುಟ್ಟ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿರ ನಿಲ್ಲಬೇಡಿ.

ಉಪ್ಪಳ ಪೇಟೆ · 8.30

ಆಪರೇಶನ್ ಮಾಡಿ ಒಳಗೆ ಯಂತ್ರ ಇಡುತ್ತಾರಲ್ಲ, ಅದು ಟೀಚರಿಗೆ ಆಗುವುದಿಲ್ವಾ?

ಕಿವಿಯ ಕೆಲಸ · 8.47

ಕಾಕ್ಲಿಯರ್ ಇಂಪ್ಲಾಂಟ್. ಮಾತು ಕಲಿತ ಮೇಲೆ ಕಿವಿ ಹೋದವರಿಗೆ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹಲವು ಲಕ್ಷ ಬೀಳುತ್ತದೆ. ಕೇರಳದ ಶ್ರುತಿತರಂಗಂ ಯೋಜನೆ ಇರುವುದು ಸಣ್ಣ ಮಕ್ಕಳಿಗೆ. ದೊಡ್ಡವರು ಕೈಯಿಂದ ಹಾಕಬೇಕು. ಒಮ್ಮೆ ಪರೀಕ್ಷೆ ಮಾಡಿಸಿ ಟೀಚರ್. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು, 1965ರದ್ದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಆಪರೇಶನ್ ಮಾಡಿಸಿದರೂ ಸಂತೆಯಂಥ ಗಲಾಟೆಯಲ್ಲಿ ಬರವಣಿಗೆ ಬೇಕಾಗುತ್ತದೆ. ಅದೂ ತಿಳಿದಿರಲಿ.

ಅಮ್ಮನ ಮಗಳು · 8.55

ಅಕ್ಕಾ, ಒಂದು ಸಣ್ಣ ಸಂಶಯ. ಮಳೆಗಾಲದಲ್ಲಿ ಅಮ್ಮನ ಯಂತ್ರ ಪದೇ ಪದೇ ನಿಲ್ಲುತ್ತದೆ. ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಕಿವಿಯ ಕೆಲಸ · 9.10

ನಮ್ಮೂರಿನ ಜೂನ್, ಜುಲೈ ಗಾಳಿಯಲ್ಲಿ ಎಲ್ಲರದ್ದೂ ಇದೇ ದೂರು. ರಾತ್ರಿ ಯಂತ್ರವನ್ನು ಒರೆಸಿ, ಬ್ಯಾಟರಿ ತೆಗೆದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾದರೆ ಹೊಸ ಜೆಲ್ ಹಾಕಿ. ಬ್ಯಾಟರಿಯ ಹಿಂದಿನ ಸ್ಟಿಕ್ಕರನ್ನು ಮೊದಲೇ ಕೀಳಬೇಡಿ. ಅದು ಗಾಳಿ ತಾಗಿದರೆ ಕೆಲಸ ಸುರು ಮಾಡುವ ಬ್ಯಾಟರಿ, ಒಮ್ಮೆ ಕಿತ್ತರೆ ಉಪಯೋಗಿಸದಿದ್ದರೂ ಮುಗಿಯುತ್ತಾ ಹೋಗುತ್ತದೆ. ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಿ.

ಬದಿಯಡ್ಕ ಟೀಚರ್ · ಶುಕ್ರವಾರ ಸಂಜೆ 5.20

ಇವತ್ತು ಹೋಗಿದ್ದೆ. ಒಬ್ಬಳೇ. ಮಗಳನ್ನು ಶಾಲೆಗೆ ಕಳಿಸಿದೆ.

ಅರ್ಜಿ ಕನ್ನಡದಲ್ಲಿ ಒಂದು ಪುಟ. ಮೇಲೆ ದೊಡ್ಡಕ್ಷರದಲ್ಲಿ "ನನಗೆ ಕಿವಿ ಕೇಳುವುದಿಲ್ಲ. ಕನ್ನಡ ಓದಲು ಬರುತ್ತದೆ. ದಯವಿಟ್ಟು ಬರೆದು ತಿಳಿಸಿ." ಕೆಳಗೆ ಎರಡು ಕಾಯ್ದೆಗಳ ಹೆಸರು. ಸೀಟಿನವರು ಓದಲು ಬಾರದೆ ಅದನ್ನು ಒಳಗಿನ ಕೋಣೆಗೆ ತೆಗೆದುಕೊಂಡು ಹೋದರು. 20 ನಿಮಿಷ ಕಾದೆ. ಕನ್ನಡದ ಒಬ್ಬ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು, ಹೊರಗೆ ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತಳು. ನನ್ನದೇ ನೋಟ್‌ಬುಕ್ಕು ತೆಗೆದುಕೊಂಡಳು. ಹೀಗೆ ಬರೆದಳು:

"ನಿಮ್ಮ ಜಾಗದ ಆಧಾರಪತ್ರದಲ್ಲಿ ಇರುವ ಸರ್ವೆ ನಂಬರಿಗೂ ಕಳೆದ ವರ್ಷದ ರಶೀದಿಗೂ ತಾಳೆ ಆಗುವುದಿಲ್ಲ. ಕೊನೆಯ ಒಂದು ಅಂಕಿ ತಪ್ಪಿದೆ. ತಪ್ಪು ನಮ್ಮದು. ಮೂಲ ಆಧಾರಪತ್ರ ತನ್ನಿ, ಬುಧವಾರ ಸರಿ ಮಾಡಿ ಕೊಡುತ್ತೇವೆ."

ಓದಿ ಮುಗಿಸುವ ತನಕ ಅವಳು ಎದ್ದು ಹೋಗಲಿಲ್ಲ. ನಾನು ತಲೆ ಎತ್ತಿದ ಮೇಲೆ, "ಬೇರೆ ಏನಾದರೂ ಕೇಳುವುದು ಉಂಟಾ?" ಅಂತ ಅದನ್ನೂ ಬರೆದಳು. ಎಂಟು ವರ್ಷದಲ್ಲಿ ಕಚೇರಿಯಲ್ಲಿ ಒಬ್ಬರು ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು. ಉಂಟು ಅಂದೆ. ಹತ್ತು ನಿಮಿಷ ಮಾತಾಡಿದೆವು, ನಾನು ಬಾಯಲ್ಲಿ, ಅವಳು ಪೆನ್ನಿನಲ್ಲಿ.

ಅಮ್ಮನ ಮಗಳು · 5.31

ಕಣ್ಣಲ್ಲಿ ನೀರು ಬಂತು ಟೀಚರ್.

ಸೀಟಿನ ಆಚೆ · 6.02

ಆ ಮೂರು ಸಾಲನ್ನು, "ನನಗೆ ಕಿವಿ ಕೇಳುವುದಿಲ್ಲ" ಅಂತ ಸುರುವಾಗುವುದು, ಕನ್ನಡ, ಮಲಯಾಳ ಎರಡರಲ್ಲೂ ಒಂದೇ ಕಾರ್ಡಿನಲ್ಲಿ ಬರೆದು ಇಲ್ಲಿ ಹಾಕುತ್ತೇನೆ. ಬೇಕಾದವರು ಪ್ರಿಂಟ್ ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಸೀಟಿನ ಮುಂದೆಯೂ ಒಂದು ಬಿಳಿ ಹಲಗೆ, ಪೆನ್ನು ನೇತುಹಾಕಿದ್ದೇನೆ, ನಿನ್ನೆಯಿಂದ.

ತಾಳಮದ್ದಳೆ ಹುಚ್ಚು · 6.15

ಟೀಚರ್, ಬುಧವಾರ ಎಷ್ಟು ಗಂಟೆಗೆ ಹೋಗುತ್ತೀರಿ? ಮಾವನ ತೀರ್ವೆಯೂ ಬಾಕಿ ಉಂಟು. ಅವರನ್ನೇ ಮಾತಾಡಲು ಬಿಟ್ಟು ನಾನು ಹೊರಗೆ ನಿಲ್ಲಬೇಕೆಂದಿದ್ದೇನೆ.

ಬದಿಯಡ್ಕ ಟೀಚರ್ · 6.18

10 ಗಂಟೆಗೆ. ಒಂದು ನೋಟ್‌ಬುಕ್ಕು ಜಾಸ್ತಿ ತರುತ್ತೇನೆ.